ಟೈಟನ್ ನೆಲದಿಂದ ಕಂಡ ಶನಿ

ಹಿಮ ಹೊದ್ದ ಬಂಡೆಗಳ ನಡುವೆ, ಕಡುನೀಲಿ ಆಕಾಶದಲ್ಲಿ, ಬಿದಿಗೆ ಚಂದ್ರನಂತೆ ಬಾಗಿ ನಿಂತ ದೈತ್ಯ ಶನಿ. ಅಮೆರಿಕದ ಚೆಸ್ಲಿ ಬೋನ್‌ಸ್ಟೆಲ್ ಬರೆದ ಈ ಚಿತ್ರ 1944ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಅಚ್ಚಾಯಿತು. ಎಷ್ಟು ಸಲ ನೋಡಿದರೂ ನನಗೆ ಕಣ್ಣು ತಣಿಯದು.

ಬಳೆಗಳನ್ನು ನೋಡಿ. ಬೇರೆ ಯಾರಾದರೂ ಆಗಿದ್ದರೆ ಅವನ್ನು ಅಗಲಕ್ಕೆ ಹರಡಿ ಮೆರೆಸುತ್ತಿದ್ದರು. ಬೋನ್‌ಸ್ಟೆಲ್ ಎಳೆದದ್ದು ಕೂದಲೆಳೆಯಂಥ ಒಂದು ಗೆರೆ, ಅಷ್ಟೇ. ಏಕೆಂದರೆ ಶನಿಯ ಉಪಗ್ರಹ ಟೈಟನ್ ಸುತ್ತುವುದು ಹೆಚ್ಚುಕಡಿಮೆ ಬಳೆಗಳ ಸಮತಲದಲ್ಲೇ. ಅಲ್ಲಿ ನಿಂತವರಿಗೆ ಕಾಣುವುದು ಬಳೆಯ ಅಂಚು ಮಾತ್ರ. ಸುಮಾರು 12 ಲಕ್ಷ ಕಿಲೋಮೀಟರ್ ದೂರದಲ್ಲಿದ್ದರೂ ಶನಿ ನಮ್ಮ ಹುಣ್ಣಿಮೆ ಚಂದ್ರನ 11 ಪಟ್ಟು ಅಗಲವಾಗಿ ಕಾಣುತ್ತದೆ. ಕಟ್ಟಡಗಳ ನಕ್ಷೆ ಬರೆದು, ಹಾಲಿವುಡ್‌ಗೆ ಹಿನ್ನೆಲೆ ಚಿತ್ರ ಬರೆದು ಪಳಗಿದ ಕೈ ಅದು. ಕೋನ, ದೂರ ಲೆಕ್ಕ ಹಾಕಿಯೇ ಕುಂಚ ಹಿಡಿಯುತ್ತಿತ್ತು.

1905ರಲ್ಲಿ, ಹದಿನೇಳರ ಹುಡುಗನಾಗಿ, ಬೋನ್‌ಸ್ಟೆಲ್ ಲಿಕ್ ವೀಕ್ಷಣಾಲಯದಲ್ಲಿ ಶನಿಯನ್ನು ಕಂಡು ಮನೆಗೆ ಬಂದವನೇ ಚಿತ್ರ ಬರೆದಿದ್ದ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಆ ಮೊದಲ ಶನಿಯನ್ನು ನೆನೆದರೆ ಈಗಲೂ ಹೊಟ್ಟೆ ಚುರ್ ಎನ್ನುತ್ತದೆ.

2005ರಲ್ಲಿ ಹೈಗೆನ್ಸ್ ನೌಕೆ ಟೈಟನ್ ಮೇಲಿಳಿದಾಗ ಕಂಡದ್ದು ಕಿತ್ತಳೆ ಮಬ್ಬು, ಉರುಟು ಹರಳುಗಳು. ಆದರೂ ಬೋನ್‌ಸ್ಟೆಲ್‌ರ ಆ ನೀಲಿಯನ್ನು ತಿದ್ದಲು ನಾನಂತೂ ಒಪ್ಪಲಾರೆ.