ಉಲೂರಿನ ಎರಡು ನಿರ್ಮಿತಿಗಳು

ಆಸ್ಟ್ರೇಲಿಯಾ ಖಂಡದ ನಡುವಣ ಮರುಭೂಮಿಯಲ್ಲಿರುವ ಉಲೂರೆಂಬ ಕೆಂಬಂಡೆಯನ್ನು ಅನಂಗು ಎಂಬ ಮೂಲನಿವಾಸಿಗಳು ಪವಿತ್ರವೆಂದು ಕಾಯ್ದು ಬಂದಿರುವರು. ಅದರ ಬಳಿ 1995ರಲ್ಲಿ ತೆರೆದ ಸಂಸ್ಕೃತಿಕೇಂದ್ರವನ್ನು ವಾಸ್ತುಶಿಲ್ಪಿ ಗ್ರೆಗರಿ ಬರ್ಗೆಸ್ ಆ ಜನರೊಡನೆ ಕುಳಿತು ಕಲ್ಪಿಸಿದನು. ಮಣ್ಣಿಟ್ಟಿಗೆಯ ಎರಡು ಬಾಗುಮಂದಿರಗಳು ಅವರ ಪುರಾಣದ ಕುನಿಯಾ, ಲೀರು ಎಂಬ ಸರ್ಪಗಳನ್ನು ಸೂಚಿಸುತ್ತವೆ. ಮುಗಿದ ಗೋಡೆಗೆ ಸರ್ಪದ ಚಿತ್ರವನ್ನು ಬಳಿದಿದ್ದರೆ ಅದು ಅಲಂಕಾರಮಾತ್ರವಾಗುತ್ತಿದ್ದಿತು. ಇಲ್ಲಿ ಕಟ್ಟಡದ ಮೈಯೇ ಕಥೆಯನ್ನು ಧ್ವನಿಸುವುದರಿಂದ ಕಾವ್ಯದ ಕಕ್ಷೆಗೆ ಏರಿದೆ. ಮೇಲಾಗಿ, ಕಥೆಯಲ್ಲಿ ಪರರಿಗೆ ಹೇಳತಕ್ಕ ಭಾಗವಷ್ಟೇ ಇಲ್ಲಿ ಉಕ್ತವಾಗಿದೆ. ಉಳಿದುದು ಅನಧಿಕಾರಿಗಳಿಗೆ ಮುಚ್ಚಿದೆ. ವೇದಾಧ್ಯಯನದ ಕ್ರಮವನ್ನು ಬಲ್ಲವರಿಗೆ ಇದು ವಿಚಿತ್ರವೆನಿಸಲಾರದು.

ಆದರೂ ಈ ಕೃತಿಯನ್ನು ಒಂಟಿಯಾಗಿ ನಿಲ್ಲಿಸಿ ಹೊಗಳುವುದು ಸಲ್ಲದು. ಅದೇ ಬಂಡೆಯ ಮೇಲೆ 1964ರಲ್ಲಿ ಆರೋಹಿಗಳ ಕೈಯಾಸರೆಗೆಂದು ನೆಟ್ಟ ಸರಪಳಿಯೂ ಸಾರ್ವಜನಿಕ ನಿರ್ಮಿತಿಯೇ. 1985ರಲ್ಲಿ ಭೂಮಿಯ ಒಡೆತನವು ಅನಂಗುಗಳಿಗೆ ಮರಳಿತು, ಆದರೆ ಕೂಡಲೇ 99 ವರ್ಷಗಳ ಗೇಣಿಗೆ ಸರಕಾರದ ವಶವಾಯಿತು. ಹತ್ತಬೇಡಿರೆಂದು ಅವರು ಬೇಡಿದರು. ಕೇಂದ್ರದ ಗೋಡೆಗಳೂ ಅದನ್ನೇ ಬೇಡಿದುವು. ಸರಪಳಿಯು ಕದಲಲಿಲ್ಲ. ಯಜಮಾನನನ್ನು ಜಗಲಿಯಲ್ಲಿ ಕುಳ್ಳಿರಿಸಿ ಮನ್ನಿಸಿ, ಒಳಮನೆಯ ವಿಚಾರದಲ್ಲಿ ಅವನ ಮಾತನ್ನು ಕೇಳದಿದ್ದಂತಾಯಿತು. ಉದ್ಯಾನದ ಆಡಳಿತಮಂಡಲಿಯು 2017ರಲ್ಲಿ ನಿರ್ಧರಿಸಿದ ಮೇಲೆ, 2019ರ ಅಕ್ಟೋಬರ್ 26ರಂದು ಆರೋಹಣವು ನಿಂತಿತು. ಅನಂತರ ಸರಪಳಿಯನ್ನು ಕಿತ್ತರು; ಕಾಲು ಸವೆಸಿದ ಬಿಳಿಯ ಜಾಡು ಬಂಡೆಯ ಮೇಲೆ ಉಳಿದಿದೆ.