ತಾಯ್ನುಡಿಯೆಂಬ ಪ್ರಮೇಯ: ಕಾಸರಗೋಡಿನ ಕಾವ್ಯ ಮತ್ತು ಏಕೀಕರಣದ ಪರಿಭಾಷೆ

ಕಾಸರಗೋಡಿನ ಕನ್ನಡ ಸಾಹಿತ್ಯವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಏಕೀಕರಣದ ರಾಜಕೀಯ ಪರಿಭಾಷೆಯಲ್ಲೇ ನಡೆದುಬಂದಿದೆ. ಒಂದು ಜನ, ಒಂದು ತಾಯ್ನುಡಿ, ಒಂದು ನೆಲ ಎಂಬ ಸಮೀಕರಣವನ್ನು ಅಲ್ಲಿ ಯಾರೂ ವಾದಿಸಿ ಸ್ಥಾಪಿಸುವುದಿಲ್ಲ. ವಾದ ಹೊರಡುವುದೇ ಅಲ್ಲಿಂದ. ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶ ಅಂದಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿದಾಗ ಈ ಸಮೀಕರಣಕ್ಕೆ ಅಧಿಕೃತ ಮುದ್ರೆಯೂ ಬಿದ್ದಂತಾಯಿತು.

ಆದರೆ ಈ ನೆಲದ ಇಬ್ಬರು ಪ್ರಮುಖ ಕವಿಗಳು ಅದಕ್ಕೆ ಒಗ್ಗುವುದಿಲ್ಲ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಯ್ಯಾರ ಕಿಞ್ಞಣ್ಣ ರೈಗಳದು ತುಳು. ವಿಲೀನೀಕರಣ ಚಳವಳಿಯ ಮುಂಚೂಣಿಯಲ್ಲಿದ್ದ ಕಯ್ಯಾರರು ತುಳುವಿನಲ್ಲೂ ಕಾವ್ಯ ರಚಿಸಿದರು. ಮಲಯಾಳದ ಕುಮಾರನ್ ಆಶಾನರನ್ನು ಕನ್ನಡಕ್ಕೆ ತಂದರು. ಇವರ ಪಾಲಿಗೆ ಕನ್ನಡ, ಓದಿನಿಂದಲೂ ಒಡನಾಟದಿಂದಲೂ ತಮ್ಮದಾಗಿಸಿಕೊಂಡ ನುಡಿ. ಇಬ್ಬರನ್ನೂ ‘ಗಡಿನಾಡ ಕನ್ನಡಿಗರು’ ಎಂದಷ್ಟೇ ಕೊಂಡಾಡುವ ವಿಮರ್ಶೆ ಈ ಆಯ್ಕೆಯನ್ನು ಗಮನಿಸದೆ ತುಳು, ಕೊಂಕಣಿಗಳನ್ನು ಮರೆಗೆ ಸರಿಸುತ್ತದೆ. ಬಹುಸಂಖ್ಯಾತರ ಭಾಷೆಯ ಮೇಲೆ ತಾನು ಹೊರಿಸುವ ಆಕ್ಷೇಪಕ್ಕೆ ತಾನೇ ಗುರಿಯಾಗುತ್ತದೆ.

ಇದರ ಪರಿಣಾಮ ತರಗತಿಯವರೆಗೂ ಚಾಚುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳ ಪ್ರಾಥಮಿಕ ಶಿಕ್ಷಣಕ್ಕೆ ಸಂವಿಧಾನದ 350ಎ ವಿಧಿ ಆಧಾರವಾಗಿಟ್ಟುಕೊಂಡಿರುವುದು ತಾಯ್ನುಡಿಯನ್ನು. ಆ ಅಳತೆಗೋಲೊಂದನ್ನೇ ನೆಚ್ಚಿದರೆ, ಕನ್ನಡ ಶಾಲೆಗೆ ಬರುವ ತುಳು ಅಥವಾ ಕೊಂಕಣಿ ಮನೆಯ ಮಗು ಲೆಕ್ಕದಿಂದ ಹೊರಗುಳಿಯುತ್ತದೆ. ಆ ಮಗುವಿನ ಪರವಾದ ವಾದಕ್ಕೆ ಪೈ, ಕಯ್ಯಾರರ ಕಾವ್ಯಜೀವನವೇ ಸಾಕ್ಷ್ಯ: ನುಡಿಯೊಂದು ತಮ್ಮದಾಗಲು ಹುಟ್ಟೊಂದೇ ದಾರಿಯಲ್ಲ.