ಅರ್ಧ ಸ್ವರ ಇಳಿದ ಎರಡು ತಂತಿಗಳು

ಹಂಗೇರಿಯ ಜೋಲ್ತಾನ್ ಕೊಡಾಯ್ ಬರೆದ ಒಂಟಿ ಚೆಲ್ಲೊ ಸೊನಾಟಾ ನುಡಿಸುವವರು ಮೊದಲು ಬಿರಡೆಗೆ ಕೈಹಾಕಬೇಕು. ಕೆಳಗಿನ ಸಿ ಮತ್ತು ಜಿ ತಂತಿಗಳನ್ನು ಅರ್ಧ ಸ್ವರ ಸಡಿಲಿಸಿ ಬಿ, ಎಫ್ ಶಾರ್ಪ್‌ಗೆ ಇಳಿಸಬೇಕು. ಮೇಲಿನ ಡಿ, ಎ ಇದ್ದಂತೆಯೇ ಇರುತ್ತವೆ. ಕೃತಿಯ ಜೀವಾಳ ಇರುವುದೇ ಈ ಶ್ರುತಿಯಲ್ಲಿ.

ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಬೇಗ ಹತ್ತುತ್ತದೆ. ಕೃತಿ ಬಿ ಮೈನರ್‌ನದು. ಬಿಯನ್ನು ಷಡ್ಜ ಎಂದುಕೊಳ್ಳಿ: ಎಫ್ ಶಾರ್ಪ್ ಪಂಚಮ, ಡಿ ಸಾಧಾರಣ ಗಾಂಧಾರ, ಎ ಕೈಶಿಕಿ ನಿಷಾದ. ನಾಲ್ಕೂ ತಂತಿಗಳು ಒಂದೇ ಆಧಾರಕ್ಕೆ ಬಂದು ಕೂತವು. ಹಾಗಾಗಿಯೇ ಆರಂಭದ ಸ್ವರಮೇಳಕ್ಕೆ ಅಷ್ಟು ಮೈತುಂಬಿದ ನಾದ. ಪಕ್ಕವಾದ್ಯ ಬೇಕೆನಿಸುವುದೇ ಇಲ್ಲ.

ಕೊಡಾಯ್ ಇದನ್ನು ಬರೆದದ್ದು 1915ರಲ್ಲಿ, ಮಹಾಯುದ್ಧದ ನಡುವೆ. ಅದಕ್ಕೂ ಹತ್ತು ವರ್ಷ ಮೊದಲಿನಿಂದ ಅವರು ಹಳ್ಳಿ ಹಳ್ಳಿ ಸುತ್ತಿ ರೈತರ ಹಾಡು ಸಂಗ್ರಹಿಸುತ್ತಿದ್ದರು. ಗೆಳೆಯ ಬೇಲಾ ಬಾರ್ಟೋಕ್ ಕೂಡ ಅದೇ ಕೆಲಸಕ್ಕೆ ಇಳಿದಿದ್ದರು. ಆ ತಿರುಗಾಟದ ಫಲ ಇಲ್ಲಿ ಕೇಳಿಸುತ್ತದೆ. ಎರಡನೆಯ ಭಾಗ ಅಡಾಜಿಯೊದಲ್ಲಿ ಮಂದ್ರದ ರಾಗ ಕಮಾನಿನಲ್ಲಿ ನಿಧಾನ ಸಾಗುವಾಗ ನಡುನಡುವೆ ಮೀಟಿದ ಸ್ವರಗಳು ಹನಿಯುತ್ತವೆ. ಹಾಡುವವನ ಪಕ್ಕ ಇನ್ನೊಬ್ಬ ಕೂತು ಹೂಂಗುಟ್ಟಿದ ಹಾಗೆ. ಕೊನೆಯ ಭಾಗ ಪೂರ್ತಿ ಕುಣಿತ. ಕಮಾನು ಒಂದು ತಂತಿಯಲ್ಲಿ ಓಡುತ್ತಿರುವಾಗಲೇ ಎಡಗೈ ಬೆರಳು ಬೇರೆ ತಂತಿಯನ್ನು ಮೀಟುತ್ತದೆ. ಸ್ವರಸ್ಥಾನ ಹಿಡಿಯುವುದೂ ಅದೇ ಕೈ, ತಾಳ ಹಾಕುವುದೂ ಅದೇ ಕೈ.

1918ರಲ್ಲಿ ಬುಡಾಪೆಸ್ಟ್‌ನಲ್ಲಿ ಯೆನೊ ಕೆರ್ಪೆಲಿ ಇದನ್ನು ಮೊದಲು ನುಡಿಸಿದರು. ಜಗತ್ತಿನ ಮನೆಮನೆಗೆ ಮುಟ್ಟಿಸಿದವರು ಅದೇ ಊರಿನ ಯಾನೋಶ್ ಸ್ಟಾರ್ಕರ್. ಹದಿನೈದರ ಹುಡುಗನಾಗಿದ್ದಾಗಲೇ ಕೊಡಾಯ್ ಎದುರು ಕೂತು ನುಡಿಸಿದವರು ಅವರು. ಅಮೆರಿಕಕ್ಕೆ ಹೋದ ಮೇಲೆ ಅವರು ಮಾಡಿದ ಹೆಸರಾಂತ ಧ್ವನಿಮುದ್ರಣಕ್ಕೆ ತಂತ್ರಜ್ಞರಾಗಿ ಕೂತವರು ಬಾರ್ಟೋಕ್ ಅವರ ಮಗ ಪೀಟರ್. ಕೊಡಾಯ್ ಮತ್ತು ಬಾರ್ಟೋಕ್ ಅವರ ಗೆಳೆತನದ ನಂಟು ಹೀಗೆ ಮುಂದಿನ ತಲೆಮಾರಿಗೂ ದಾಟಿತು.

ಈ ವಾರ ಅರ್ಧ ಗಂಟೆ ಬಿಡುವು ಮಾಡಿಕೊಂಡು ಸ್ಟಾರ್ಕರ್ ನುಡಿಸಿದ್ದನ್ನು ಕೇಳಿ. ತಳದ ಬಿ ಬಂದಾಗಲೆಲ್ಲ ಕಿವಿಗೊಡಿ. ಎಂದಿನ ಶ್ರುತಿಯ ಚೆಲ್ಲೊದಲ್ಲಿ ಆ ಸ್ವರವೇ ಇಲ್ಲ. ತಂತಿ ತುಸು ಸಡಿಲಗೊಂಡದ್ದರಿಂದ ಹುಟ್ಟಿದ್ದು ಅದು.